ಸಂಜೆ ಆರರೊಳಗೆ ಒಬ್ಬ ಶಿಷ್ಯ

ಎಲ್ಲ ತಾಪತ್ರಯಕ್ಕೂ ಮೂಲ, ಸಭಾಪಾಲಕರು ಹದಿನೈದು ದಿನದ ತರಬೇತಿಗೆ ಹೋಗಿ ಬಂದದ್ದು. ಹೋಗುವಾಗ ನಮ್ಮ ನಿಮ್ಮ ಹಾಗೆ ಇದ್ದ ಮನುಷ್ಯ, ಬರುವಾಗ ಯೋಚನೆ ತುಂಬಿಕೊಂಡು ಬಂದರು. ಚರ್ಚು ಎಂದರೆ ಗೋಡೆಯಲ್ಲ, ಬೆಂಚಲ್ಲ, ಭಾನುವಾರದ ಒಂದೂವರೆ ತಾಸಲ್ಲ. ಚರ್ಚು ಎಂದರೆ ಜನ, ಪ್ರತಿಯೊಬ್ಬರೂ ಶಿಷ್ಯರು, ಪ್ರತಿ ಶಿಷ್ಯನೂ ಇನ್ನೊಬ್ಬ ಶಿಷ್ಯನನ್ನು ಮಾಡಬೇಕು ಎಂದು ಪೀಠದಿಂದ ಹೇಳಿದರು. ಸಭೆ ತಲೆದೂಗಿತು. ತಲೆದೂಗುವುದಕ್ಕೇನು, ಕುತ್ತಿಗೆ ಇದ್ದರೆ ಸಾಕು. ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಶನಿವಾರ ಸಂಜೆ ಆರರೊಳಗೆ ಒಬ್ಬ ಶಿಷ್ಯನ ಹೆಸರು ಬರೆಸದವರು ಚರ್ಚಿನಲ್ಲಿ ಹಿಡಿದಿರುವ ಸೇವೆಯನ್ನು ಬಿಟ್ಟುಕೊಡಬೇಕು ಎಂದುಬಿಟ್ಟರು.

ಬೀಗ ರಿಪೇರಿ ಅಂಗಡಿಯವನಿಗೆ ಎದೆ ಧಸಕ್ಕೆಂದಿತು. ಇಪ್ಪತ್ತೆರಡು ವರ್ಷದಿಂದ ಚರ್ಚಿನ ಗಂಟೆ ಹೊಡೆಯುವವನು ಅವನು. ಅದಕ್ಕೂ ಮುಂಚೆ ಅವನ ಅಪ್ಪ. ಅವನ ಸ್ವಂತ ಹೆಸರು ಹಿಡಿದು ಕರೆಯುವವರು ಈಗ ಯಾರೂ ಇಲ್ಲ, ಚಿಕ್ಕವರು ದೊಡ್ಡವರು ಎಲ್ಲರಿಗೂ ಅವನು ಗಂಟೆಯಣ್ಣ. ನಾಲ್ಕು ಜನರ ಮುಂದೆ ಮಾತು ಬಾರದು, ಹಾಡಲು ಹೋದರೆ ಪಕ್ಕದವರು ಸರಿದು ಕೂರುತ್ತಾರೆ, ಪೀಠದಿಂದ ಹೇಳುವ ಪ್ರಸಂಗ ಅರ್ಧ ಅರ್ಥವಾಗುವುದಿಲ್ಲ. ಆದರೆ ಹಗ್ಗ ಕೈಗೆ ಬಂದರೆ ಮಾತ್ರ, ತಾನು ಹೇಳಬೇಕಾದ್ದೆಲ್ಲ ದೇವರಿಗೆ ಸರಿಯಾಗಿ ಕೇಳಿಸುತ್ತಿದೆ ಎನಿಸುತ್ತಿತ್ತು. ಆ ಹಗ್ಗ ಹೋದರೆ ತಾನು ಬರೀ ಬೀಗದವನು. ವಾರವಿಡೀ ಅವನಿಗೆ ಅನ್ನ ಸೇರಲಿಲ್ಲ.

ಹಾಗೆಂದು ವಾರವಿಡೀ ಏನಾದರೂ ಮಾಡಿದನೇ? ಇಲ್ಲ. ಶನಿವಾರ ಬೆಳಿಗ್ಗೆ ಎದ್ದು ತಲೆಯ ಮೇಲೆ ಕೈ ಹೊತ್ತು ಕೂತ. ಗಾಯನ ಮಂಡಳಿಯಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲುವ ಅವನ ಹೆಂಡತಿ ಮಾತ್ರ ನಿಶ್ಚಿಂತೆಯಿಂದ ಜಡೆ ಹಾಕಿಕೊಳ್ಳುತ್ತಿದ್ದಳು.

"ನಂದು ಬುಧವಾರಾನೇ ಆಯ್ತು ರೀ. ನಿಮ್ಮದು ನೀವು ನೋಡ್ಕೊಳ್ಳಿ."

ಯಾರು ಸಿಕ್ಕರು ಎಂದು ಕೇಳಿದರೆ ಆಮೇಲೆ ಹೇಳುತ್ತೇನೆ ಎಂದಳು. ಇವಳಿಗೆ ಸಿಕ್ಕಮೇಲೆ ನನಗೆ ಸಿಗದೆ ಇರುತ್ತಾರೆಯೇ ಎಂದು ಗಂಟೆಯಣ್ಣ ಚಪ್ಪಲಿ ಮೆಟ್ಟಿದ.

ಬೀದಿಗೆ ಇಳಿದಮೇಲೆ ಗೊತ್ತಾಯಿತು, ಚರ್ಚಿನ ಕಡೆ ತಲೆ ಹಾಕದವರನ್ನೆಲ್ಲ ಬುದ್ಧಿವಂತರು ಆಗಲೇ ಹಂಚಿಕೊಂಡಿದ್ದಾರೆ ಎಂದು. ಕ್ಷೌರದಂಗಡಿಯವನನ್ನು ಆರ್ಗನ್ ನುಡಿಸುವವರು ಹಿಡಿದಿದ್ದರು. ದರ್ಜಿ ಔಷಧಿ ಅಂಗಡಿಯವರಿಗೆ ಮಾತು ಕೊಟ್ಟಿದ್ದ. ಹಾಲಿನವನಂತೂ ಇಬ್ಬರಿಗೆ ಒಪ್ಪಿಕೊಂಡು, ಮೂರನೆಯದಾಗಿ ನಿಮಗೂ ಬರಲೇ ಅಣ್ಣ ಎಂದು ಉದಾರವಾಗಿ ಕೇಳಿದ. ಅಷ್ಟರಲ್ಲಿ ಸಭೆಯ ಕಾರ್ಯದರ್ಶಿಯಮ್ಮ ಎದುರಾದರು. ಮೂವತ್ತು ವರ್ಷ ಶಾಲೆಯಲ್ಲಿ ಹಾಜರಿ ಕೂಗಿ ನಿವೃತ್ತರಾದವರು. ಈಗ ಸಭೆಯವರೆಲ್ಲ ಅವರ ಕಣ್ಣಿಗೆ ಮೂರನೇ ತರಗತಿಯವರು. ಗಂಟೆಯಣ್ಣನ ಮುಖ ನೋಡಿಯೇ ವಿಷಯ ತಿಳಿದು, ಚೀಲದಿಂದ ಒಂದು ಹಾಳೆ ತೆಗೆದು ಕೊಟ್ಟರು. ಶಿಷ್ಯನಾಗು ಎಂದು ಕರೆಯುವಾಗ ಏನೇನು ಹೇಳಬೇಕು ಎಂದು ಅದರಲ್ಲಿ ನಾಲ್ಕು ಅಂಶ ಅಚ್ಚಾಗಿತ್ತು. ಶುರು ಮಾಡಿದ ಮೇಲೆ ನಾಲ್ಕೂ ಮುಗಿಸಬೇಕು, ನಡುವೆ ನಿಲ್ಲಿಸಿದರೆ ಏನೂ ಪ್ರಯೋಜನವಿಲ್ಲ ಎಂದು ಬೆರಳೆತ್ತಿ ಹೇಳಿ ಹೋದರು.

ಸಂಜೆ ಐದರ ಹೊತ್ತಿಗೆ ಹಿಂದಿನ ಬೀದಿಯ ಹೆಂಗಸೊಬ್ಬಳು ಅವನ ಅಂಗಡಿಗೆ ಓಡಿ ಬಂದಳು. ಒಣಗಿದ ಬಟ್ಟೆ ತೆಗೆಯಲು ಹೊರಗೆ ಬಂದಾಗ ಗಾಳಿಗೆ ಬಾಗಿಲು ಬಡಿದುಕೊಂಡು ಬೀಗ ಬಿದ್ದಿತ್ತು, ಬೀಗದ ಕೈ ಒಳಗೆ, ಒಲೆಯ ಮೇಲೆ ಹಾಲು. ಗಂಟೆಯಣ್ಣ ಪೆಟ್ಟಿಗೆ ಎತ್ತಿಕೊಂಡು ಅವಳ ಹಿಂದೆಯೇ ಓಡಿದ. ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು ಕಡ್ಡಿ ತೂರಿಸುವಾಗ ಹೊಳೆಯಿತು: ಈಯಮ್ಮನನ್ನು ಯಾರೂ ಹಿಡಿದಂತಿಲ್ಲ. ಬಾಗಿಲು ತೆರೆದರೆ ಒಳಗೆ ಹೋಗಿಬಿಡುತ್ತಾಳೆ. ಈಗಲೇ ಸರಿ.

ಅವನು ಕಡ್ಡಿ ಕೆಳಗಿಟ್ಟು ಹಾಳೆ ತೆಗೆದ.

"ಅಕ್ಕ, ನಿಮ್ಮ ಜೀವನದಲ್ಲಿ ನಿಜವಾದ ಶಾಂತಿ ಇದೆಯಾ?"

"ಒಳಗೆ ಹಾಲಿದೆ ಕಣಪ್ಪ," ಎಂದಳು ಆಕೆ.

ಅವನು ಎರಡನೆಯ ಅಂಶಕ್ಕೆ ಹೋದ. ಹೆಂಗಸು ಬಾಗಿಲು ತೆಗಿ ಎಂದಳು, ಮೊರೆಯಿಟ್ಟಳು, ಬೈದಳು. ಕಾರ್ಯದರ್ಶಿಯಮ್ಮನ ಬೆರಳು ಅವನ ಕಣ್ಣ ಮುಂದೆಯೇ ಇತ್ತು, ನಿಲ್ಲಿಸಲಿಲ್ಲ. ಮೂರನೆಯ ಅಂಶದಲ್ಲಿ ಬಾಗಿಲ ಸಂದಿಯಿಂದ ಸುಟ್ಟ ವಾಸನೆ ಬಂತು, ನಾಲ್ಕನೆಯದರಲ್ಲಿ ಹೊಗೆ. ಅಕ್ಕಪಕ್ಕದವರೆಲ್ಲ ಸೇರಿಕೊಂಡು ತಲೆಗೊಂದು ಸಲಹೆ ಕೊಡತೊಡಗಿದರು. ಒಬ್ಬರು ಕಿಟಕಿ ಒಡೆಯಿರಿ ಎಂದರು, ಇನ್ನೊಬ್ಬರು ಮೊದಲು ಇವನನ್ನು ಒಡೆಯಿರಿ ಎಂದರು. ಎರಡನೆಯ ಸಲಹೆಗೆ ಹೆಚ್ಚು ಜನ ಒಪ್ಪುವಂತೆ ಕಂಡಾಗ ಗಂಟೆಯಣ್ಣ ಹಾಳೆ ಬಿಸಾಕಿ ಕಡ್ಡಿ ಹಿಡಿದ. ಎರಡೇ ನಿಮಿಷ, ಬಾಗಿಲು ತೆರೆಯಿತು. ಹೆಂಗಸು ಕಪ್ಪಗಾದ ಪಾತ್ರೆಯನ್ನು ತಂದು ಅವನ ಕಾಲ ಬಳಿ ಕುಕ್ಕಿದಳು. ಕೂಲಿ ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ಮುಖ ಹುಳ್ಳಗೆ ಮಾಡಿಕೊಂಡು ಬೀದಿಯ ತಿರುವಿಗೆ ಬಂದಾಗ ಹಿಂದಿನಿಂದ ಯಾರೋ ಏದುಸಿರು ಬಿಡುತ್ತ ಕರೆದರು. ಅದೇ ಬೀದಿಯ ನಿವೃತ್ತ ಗುಮಾಸ್ತರು, ಎಪ್ಪತ್ತರ ಹತ್ತಿರದವರು. ಎರಡೇ ನಿಮಿಷದಲ್ಲಿ ಬಾಗಿಲು ತೆಗೆದದ್ದನ್ನು ಗುಂಪಿನಲ್ಲಿ ನಿಂತು ಬಾಯಿಬಿಟ್ಟು ನೋಡಿದ್ದರಂತೆ.

"ನಿಮ್ಮ ಹತ್ರ ಇರೋ ವಿದ್ಯೆ ನನಗೂ ಬೇಕು," ಎಂದರು ಮೆಲ್ಲಗೆ.

"ನನ್ನ ಶಿಷ್ಯರಾಗ್ತೀರಾ?" ಎಂದು ಗಂಟೆಯಣ್ಣ ಕೇಳಿದ.

"ಇವತ್ತಿಂದ್ಲೇ."

ಗುಮಾಸ್ತರು ಕಾರಣವನ್ನೂ ಹೇಳಿಕೊಂಡರು. ಅವರಿಗೆ ಸಕ್ಕರೆ ಕಾಯಿಲೆ. ಮನೆಯ ಸಿಹಿಯನ್ನೆಲ್ಲ ಅವರ ಹೆಂಡತಿ ಬೀರುವಿನಲ್ಲಿಟ್ಟು ಬೀಗ ಜಡಿದು ಎರಡು ವರ್ಷವಾಗಿತ್ತು. ಗಂಟೆಯಣ್ಣನಿಗೆ ಇದೆಲ್ಲ ಅರ್ಥವಾಯಿತು. ಅರ್ಥವಾಗಿಯೂ ತಾನು ಕೇಳಿದ ಶಿಷ್ಯತನ ಬೇರೆ ಎಂದು ಒಂದು ಮಾತೂ ತಿದ್ದಲಿಲ್ಲ ನೋಡಿ, ಆಸೆ ಎನ್ನುವುದು ಎಂಥವರ ಬಾಯನ್ನೂ ಮುಚ್ಚಿಸುತ್ತದೆ. ಶಿಷ್ಯ ಎಂದರೆ ಶಿಷ್ಯ, ಯಾವುದಕ್ಕೆ ಎಂದು ಯಾರು ಕೇಳುತ್ತಾರೆ ಎಂದುಕೊಂಡು ಅವರ ಕೈ ಹಿಡಿದು ಚರ್ಚಿಗೆ ನಡೆಸಿಕೊಂಡು ಹೋದ.

ಆರಕ್ಕೆ ಐದು ನಿಮಿಷವಿತ್ತು. ಮೇಜಿನ ಹಿಂದೆ ಸಭಾಪಾಲಕರು, ಪಕ್ಕದಲ್ಲಿ ದಪ್ಪ ರಿಜಿಸ್ಟರಿನೊಂದಿಗೆ ಕಾರ್ಯದರ್ಶಿಯಮ್ಮ. ಹಾಡಿನ ಅಭ್ಯಾಸಕ್ಕೆ ಬಂದಿದ್ದ ಗಾಯನ ಮಂಡಳಿಯವರೆಲ್ಲ ಸುತ್ತ ನಿಂತಿದ್ದರು, ಅವನ ಹೆಂಡತಿಯೂ ಇದ್ದಳು. ಯಾವುದಕ್ಕೆ ಶಿಷ್ಯರಾದಿರಿ ಎಂದು ಸಭಾಪಾಲಕರು ಕೇಳಿಯೇ ಬಿಟ್ಟರು. ಗಂಟೆಯಣ್ಣ ಬಾಗಿಲ ಕಡೆ ಒಂದು ಹೆಜ್ಜೆ ಸರಿದ.

"ಮುಚ್ಚಿದ ಬಾಗಿಲು ತೆಗೆಯೋದನ್ನ ಕಲಿಸ್ತೀನಿ ಅಂದ್ರು ಅಯ್ಯನವರೇ," ಎಂದರು ಗುಮಾಸ್ತರು. "ಎರಡು ವರ್ಷದಿಂದ ಆ ಬಾಗಿಲ ಮುಂದೆ ಕೂತಿದ್ದೀನಿ. ಒಳಗೆ ಸಿಹಿ ಇದೆ ಅಂತ ಗೊತ್ತು, ನನ್ನ ಕೈಗೆ ಸಿಕ್ತಿಲ್ಲ."

ಸಭಾಪಾಲಕರ ಕಣ್ಣು ತುಂಬಿ ಬಂತು. ತರಬೇತಿಯಲ್ಲಿ ಹೇಳಿದ್ದು ಇದನ್ನೇ, ಓದಿದವರಿಂದ ಆಗದ್ದು ಒಬ್ಬ ಬೀಗದವನಿಂದ ಆಯಿತು ಎಂದು ಗಂಟೆಯಣ್ಣನ ಬೆನ್ನು ತಟ್ಟಿದರು. ಗಂಟೆಯಣ್ಣನಿಗೆ ಹೋದ ಜೀವ ಬಂದಂತಾಯಿತು. ಕಾರ್ಯದರ್ಶಿಯಮ್ಮ ಅವನ ಹೆಸರು ಬರೆಯಲು ರಿಜಿಸ್ಟರು ತೆರೆದರು, ಪುಟ ತಿರುವಿದರು, ಕನ್ನಡಕ ಸರಿಮಾಡಿಕೊಂಡರು.

"ನಿಮ್ಮ ಹೆಸರು ಬುಧವಾರಾನೇ ಬಂದಿದೆಯಲ್ಲಪ್ಪ. ಶಿಷ್ಯರ ಪಟ್ಟಿಯಲ್ಲಿ."

ಗಂಟೆಯಣ್ಣ ಹೆಂಡತಿಯ ಕಡೆ ತಿರುಗಿದ. ಅವಳು ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

ಬುಧವಾರ ಅವಳು ತುಂಬಿ ಕೊಟ್ಟಿದ್ದ ನಮೂನೆಯಲ್ಲಿ ಎಲ್ಲ ಕ್ರಮವಾಗಿತ್ತು. ಪೇಪರು ಓದುತ್ತ, ಏನೆಂದು ನೋಡದೆ ಅವನೇ ಹಾಕಿದ ಸಹಿಯಿತ್ತು. ಈ ವ್ಯಕ್ತಿ ಇದಕ್ಕೆ ಮುಂಚೆ ಯಾರ ಮಾತನ್ನಾದರೂ ಕೇಳಿ ನಡೆದಿದ್ದುಂಟೇ ಎಂಬ ಪ್ರಶ್ನೆಗೆ, ಇಪ್ಪತ್ತು ವರ್ಷ ಹೇಳಿದರೂ ಇಲ್ಲ ಎಂದು ಹೆಂಡತಿ ದುಂಡಗೆ ಬರೆದಿದ್ದಳು. ಕಾರ್ಯದರ್ಶಿಯಮ್ಮ ನಿಯಮ ಓದಿದರು: ಪಟ್ಟಿಗೆ ಸೇರಿದ ಶಿಷ್ಯ ಆರು ತಿಂಗಳ ಪಾಠ ಮುಗಿಸುವವರೆಗೆ ಯಾವ ಸೇವೆಗೂ ನಿಲ್ಲಬಾರದು, ಇನ್ನೊಬ್ಬರಿಗೆ ಏನನ್ನೂ ಕಲಿಸಬಾರದು. ಅಂಥ ಶಿಷ್ಯನು ಯಾರನ್ನಾದರೂ ಕರೆತಂದರೆ ಅವರು ಅವನ ಗುರುವಿನ ಲೆಕ್ಕಕ್ಕೇ ಸೇರುತ್ತಾರೆ, ಆದ್ದರಿಂದ ಗುಮಾಸ್ತರೂ ಹೆಂಡತಿಯ ಶಿಷ್ಯರೇ. ಇಡೀ ಸಭೆಯಲ್ಲಿ ಇಬ್ಬರು ಶಿಷ್ಯರನ್ನು ಮಾಡಿದವರು ಅವಳೊಬ್ಬಳೇ ಎಂದು ಸಭಾಪಾಲಕರು ಹಿಗ್ಗಿ, ಖಾಲಿಯಾದ ಗಂಟೆಯ ಸೇವೆಯನ್ನು ಅಲ್ಲಿಯೇ ಅವಳಿಗೆ ಒಪ್ಪಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಏನು ನಡೆಯಿತೆಂದು ಪೂರಾ ತಿಳಿಯದ ಗುಮಾಸ್ತರು ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಮನೆಯ ದಾರಿಯಲ್ಲಿ ಗಂಟೆಯಣ್ಣ ಎರಡು ಹೆಜ್ಜೆ ಮುಂದೆಯೇ ನಡೆದ. ಅವನಿಗೆ ಅಳು ಬರುತ್ತಿತ್ತು. ಅರ್ಧ ದಾರಿ ಕಳೆದ ಮೇಲೆ ಹೆಂಡತಿಯೇ ಮಾತು ತೆಗೆದಳು.

"ಕೋಪ ಮಾಡ್ಕೋಬೇಡಿ ರೀ. ಹಾಡೋ ಜಾಗ ಹೋಗುತ್ತಲ್ಲಾ ಅಂತ ಹೆದ್ರಿ ಬರೆಸ್ಬಿಟ್ಟೆ, ಆ ನಿಯಮ ನನಗೇನು ಗೊತ್ತು? ನಾಳೆ ಏಳಕ್ಕೆ ಗಂಟೆ ಹೊಡೀಬೇಕಂತೆ. ಹಗ್ಗ ಹೇಗೆ ಎಳೀಬೇಕು, ಸ್ವಲ್ಪ ಹೇಳ್ಕೊಡಿ."

"ಹೇಳ್ಕೊಡೋ ಹಾಗಿಲ್ಲ," ಎಂದ ಗಂಟೆಯಣ್ಣ. ಇಡೀ ದಿನದಲ್ಲಿ ಅವನ ಕೈಗೆ ಸಿಕ್ಕ ಸಮಾಧಾನ ಅದೊಂದೇ. "ಆರು ತಿಂಗಳು ನಾನು ಯಾರಿಗೂ ಏನೂ ಕಲಿಸಬಾರದು."

ಹೆಂಡತಿ ನಾಲ್ಕು ಹೆಜ್ಜೆ ಯೋಚಿಸಿದಳು.

"ಸರಿ ಬಿಡಿ, ನನಗೆ ಬಂದ ಹಾಗೆ ಹೊಡೀತೀನಿ," ಎಂದಳು. "ನೀವೇ ಪಕ್ಕದಲ್ಲಿ ನಿಂತು ಕಲ್ತ್ಕೊಳ್ಳಿ."