ಹತ್ತು ತಿಂಗಳ ಹಿಂದಿನ ಹೇಳಿಕೆ

"ಸತ್ತ ಸರ್ವರ್‌ಗೆ ಜೀವ ಕೊಡುವವ ಬಂಟ್ವಾಳ ತಾಲೂಕಿನಲ್ಲಿ ನಾನೊಬ್ಬನೇ!" ಎಂದು ಆ ಭಾನುವಾರ ಬೆಳಿಗ್ಗೆ ಸುಧಾಕರ ಘೋಷಿಸಿದ.

ಬಿ.ಸಿ.ರೋಡಿನಲ್ಲಿ ಅವನದ್ದು ಮದುವೆ ಕಾಗದ ಮುದ್ರಿಸುವ ಅಂಗಡಿ. ಜೊತೆಗೆ ಜನರ ಮೊಬೈಲಿಗೆ ಹೇಳಿಕೆ, ಅಂದರೆ ಆಮಂತ್ರಣ, ಕಳಿಸುವ ಸೇವೆಯೂ ಇತ್ತು. ಅದನ್ನು ನಡೆಸುತ್ತಿದ್ದ ಬಾಡಿಗೆಯ ಕ್ಲೌಡ್ ಸರ್ವರ್ ಹಿಂದಿನ ದಿನ ಕೈಕೊಟ್ಟಿತ್ತು. ಅದರ ಬ್ಯಾಕಪ್ಪನ್ನು ಮನೆಯ ಕಂಪ್ಯೂಟರಿಗೆ ಇಳಿಸಿ, ಅಲ್ಲಿಂದಲೇ ಸೇವೆ ನಡೆಸುವುದೆಂದು ಮಹಾಶಯನ ಸಂಕಲ್ಪ!

"ಇವತ್ತೇ ಆಗ್ಬೇಕಾ ಮಾರಾಯ್ರೇ? ಹನ್ನೊಂದಕ್ಕೆ ಮೂಡುಬಿದಿರೆಯವರು ಹುಡುಗಿ ನೋಡ್ಲಿಕ್ಕೆ ಬರ್ತಾರೆ," ಎಂದಳು ಹೆಂಡತಿ ವಿನೋದಾ.

"ಅದಕ್ಕೇ ಇವತ್ತು! ಹುಡುಗ ಧನರಾಜ್ ಕಂಪ್ಯೂಟರ್ ಲೆಕ್ಚರರ್ ಅಲ್ವಾ? ಮಾವ ಎಂಥವ ಅಂತ ನೋಡಲಿ."

"ಎಂಥದ್ದೂ ತೋರಿಸುವುದು ಬೇಡ. ಭವಿತನ ವಿಷಯ ಬಾಯಿ ತಪ್ಪಿಯೂ ಎತ್ತಬೇಡಿ. ಸಮಯ ನೋಡಿ ನಾನೇ ಹೇಳ್ತೇನೆ."

ಭವಿತ್ ಎಂದರೆ ಮಗಳು ಸಾತ್ವಿಕಾಳಿಗೆ ಗೊತ್ತುಮಾಡಿದ್ದ ಹಿಂದಿನ ವರ. ನಿಶ್ಚಿತಾರ್ಥಕ್ಕೆ ಒಂದೇ ದಿನ ಬಾಕಿ ಇರುವಾಗ ಆ ಸಂಬಂಧ ಮುರಿದಿತ್ತು. ಆಮೇಲೆ ಹತ್ತು ತಿಂಗಳು ಮನೆಯಲ್ಲಿ ಯಾರೂ ನೆಟ್ಟಗೆ ನಕ್ಕಿರಲಿಲ್ಲ. ಇದೂ ತಪ್ಪಿದರೆ ಹುಡುಗಿ ಮತ್ತೆ ಯಾರ ಎದುರೂ ಬಂದು ಕೂರುವವಳಲ್ಲ.

ಸುಧಾಕರನಿಗೆ ಸಿಕ್ಕಿದ ಕೊನೆಯ ಬ್ಯಾಕಪ್ಪೂ ಹತ್ತು ತಿಂಗಳ ಹಿಂದಿನದ್ದೇ. ಆಗಿನಿಂದ ಬ್ಯಾಕಪ್ ಆಗುವುದೇ ನಿಂತಿತ್ತು, ಪಂಡಿತರಿಗೆ ಗೊತ್ತಿರಲಿಲ್ಲ! ಇರಲಿ ಎಂದು ಅದನ್ನೇ ಇಳಿಸಿದ. ಹತ್ತು ಗಂಟೆಗೆ ಕಂಪ್ಯೂಟರ್ ಎದ್ದು ಕೂತಿತು. "ಬಾಕಿ ಇದ್ದ ಸಂದೇಶ: 212. ಕಳಿಸಲಾಗಿದೆ: 212" ಎಂದು ಪರದೆಯ ಮೇಲೆ ಬಂತು.

"ನೋಡು, ಎಷ್ಟು ಚುರುಕು!" ಎಂದು ಹಿಗ್ಗುತ್ತ ಅಂಗಿ ಬದಲಿಸಲು ಹೋದ.

ಹನ್ನೊಂದಕ್ಕೆ ಧನರಾಜ್ ತಾಯಿಯೊಂದಿಗೆ ಬಂದು ಕೂತ. ಸಾತ್ವಿಕಾ ಶರಬತ್ತು ತಂದಳು. ಹುಡುಗ ನಕ್ಕ, ಹುಡುಗಿಯೂ ನಕ್ಕಳು! ವಿನೋದಾಳಿಗೆ ಹೋದ ಜೀವ ಬಂದ ಹಾಗಾಯಿತು. ಅಷ್ಟರಲ್ಲಿ ಗೇಟಿನ ಹತ್ತಿರ ರಿಕ್ಷಾ ನಿಂತು, ಮಾಣಿಯ ಪೂವಮ್ಮ ಅತ್ತೆ ಜರಿ ಸೀರೆಯಲ್ಲಿ ಇಳಿದರು. ಹಿಂದೆ ಕಲ್ಲಡ್ಕದ ಭಾವ. ಅವರ ಹಿಂದೆ ಎರಡು ವ್ಯಾನು ಭರ್ತಿ ನೆಂಟರು!

ಅತ್ತೆ ಸೀದಾ ಒಳಗೆ ಬಂದು ಧನರಾಜನ ಕೈ ಹಿಡಿದರು. "ಓ, ನೀವೇ ಭವಿತ್ ಅಲ್ವಾ? ಮುರಿದುಹೋಯ್ತು ಅಂತ ಹೇಳಿದ್ರು. ಅಂತೂ ಸರಿಯಾಯ್ತಲ್ಲ, ಭಾರಿ ಸಂತೋಷ!"

ಹುಡುಗನ ತಾಯಿ ಲೋಟ ಕೆಳಗಿಟ್ಟರು. "ಭವಿತ್ ಯಾರು?"

ಅತ್ತೆ ಉತ್ಸಾಹದಿಂದ ಫೋನ್ ಚಾಚಿದರು. ಅದರಲ್ಲಿ ಬೆಳಿಗ್ಗೆ ಬಂದ ಸಂದೇಶವಿತ್ತು: "ನೆನಪಿಗಾಗಿ: ಇವತ್ತು ಹನ್ನೊಂದು ಗಂಟೆಗೆ ನಮ್ಮಲ್ಲಿ ಸಾತ್ವಿಕಾ–ಭವಿತ್ ನಿಶ್ಚಿತಾರ್ಥ. ತಪ್ಪದೆ ಬನ್ನಿ. ಸುಧಾಕರ."

ಸುಧಾಕರ ಬಗ್ಗಿ ಓದಿದ. ಸಂಬಂಧ ಮುರಿಯುವ ಮೊದಲೇ ಬರೆದಿಟ್ಟು, ಕಳಿಸದೆ ಬಿಟ್ಟಿದ್ದ ಸಂದೇಶ ಅದು. ಹಳೆಯ ಬ್ಯಾಕಪ್ಪಿನಲ್ಲಿ ಬಾಕಿ ಕೆಲಸವಾಗಿ ಕೂತಿದ್ದ ಅದನ್ನು ಮನೆಯ ಕಂಪ್ಯೂಟರ್ ಊರಿಗೆಲ್ಲ ಹಂಚಿತ್ತು! ವಿನೋದಾ ಹಲ್ಲು ಕಚ್ಚಿದಳು. ಸಾತ್ವಿಕಾಳ ಕಣ್ಣು ತುಂಬಿತು. ಅದನ್ನು ನೋಡಲಾಗದೆ ಅವನು ಆದದ್ದೆಲ್ಲವನ್ನೂ ಪಟಪಟ ಒಪ್ಪಿಸಿಬಿಟ್ಟ. "ಅವಳದ್ದು ಏನೂ ತಪ್ಪಿಲ್ಲ. ಎಲ್ಲ ನನ್ನದೇ," ಎಂದ.



"ಸಂದೇಶ ಹೋಗುವುದನ್ನು ನಿಲ್ಲಿಸದೆ ಆನ್ ಮಾಡಿದ್ರಾ, ಮಾವ?" ಎಂದು ಧನರಾಜ್ ಮೆಲ್ಲಗೆ ಕೇಳಿದ. ಬೈದದ್ದೋ ಪಾಠ ಮಾಡಿದ್ದೋ ಸುಧಾಕರನಿಗೆ ತಿಳಿಯಲಿಲ್ಲ. 'ಮಾವ' ಎಂದದ್ದು ಮಾತ್ರ ವಿನೋದಾಳಿಗೆ ಸ್ಪಷ್ಟವಾಗಿ ಕೇಳಿಸಿತು.

ಅವನ ತಾಯಿ ನಗಲಿಲ್ಲ. "ಹುಡುಗಿಗೆ ಒಪ್ಪಿಗೆಯಾದ್ರೆ ನಮಗೂ ಒಪ್ಪಿಗೆ. ಆದ್ರೆ ಒಂದು ಶರತ್ತು ಉಂಟು."

ಸುಧಾಕರ ಕೈಮುಗಿದ. "ಹೇಳಿ ಅಕ್ಕ. ಎಂಥದ್ದಾದ್ರೂ ಮಾಡುವ."

"ನೀವು ಎಂಥದ್ದೂ ಮಾಡುವುದು ಬೇಡ. ಮದುವೆಗೆ ನಿಮ್ಮ ಕಡೆಯವರಿಗೂ ನಾವೇ ಮನೆಮನೆಗೆ ಹೋಗಿ ಹೇಳಿಕೆ ಕೊಡ್ತೇವೆ!"