‘ಬಂದಾಳು’ ಪದದ ಕಳವು: ನಕಲು ಹಿಡಿಯುವ ಯಂತ್ರಕ್ಕೊಂದು ಅರಿಕೆ

ಗೆ,
ನಕಲು ಪತ್ತೆ ಯಂತ್ರದವರು,
ಸಂಶೋಧನಾ ವಿಭಾಗ, ಮೆಟ್ಟಿಲ ಕೆಳಗಿನ ಕೋಣೆ.

ಮಾನ್ಯರೇ,

ಕಣ್ಣೆವೆ ಮಿಟುಕಿಸದೆ, ಚಹಾಕ್ಕೂ ಏಳದೆ, ಬಡ್ತಿಯ ಆಸೆಯೂ ಇಲ್ಲದೆ ನಮ್ಮ ಕಾಲೇಜಿನ ಸಕಲ ಬರವಣಿಗೆಯನ್ನೂ ಮೂಸಿ ನೋಡುತ್ತಿರುವ ತಮಗೆ ಸಾಹಿತ್ಯದ ಪ್ರಾಧ್ಯಾಪಕನಾದ ನನ್ನ ಅನಂತಾನಂತ ನಮಸ್ಕಾರಗಳು. ಇದೇ ನಮಸ್ಕಾರವನ್ನು ಹಿಂದೆ ಯಾರೋ ಮಾಡಿದ್ದಾರೆಂದು ದಯವಿಟ್ಟು ಅದರ ಕೆಳಗೆ ಕೆಂಪು ಗೆರೆ ಎಳೆಯಬೇಡಿ.

ತಾವು ದಯಮಾಡಿಸುವ ಮೊದಲು ಈ ಕೆಲಸವನ್ನು ನಾನೇ ಒರಟಾಗಿ ಮಾಡಿಕೊಂಡಿದ್ದೆ. ಕಾಗುಣಿತ ಬಾರದ ಹುಡುಗ ನಾಲ್ಕನೆಯ ಪುಟದಲ್ಲಿ ಏಕಾಏಕಿ ಮಹಾಪಂಡಿತನಾಗಿಬಿಟ್ಟರೆ ಅವನನ್ನು ಕರೆದು ಮುಖ ನೋಡುತ್ತಿದ್ದೆ, ಅವನು ತಲೆ ಕೆರೆದುಕೊಂಡು ಒಪ್ಪಿಕೊಳ್ಳುತ್ತಿದ್ದ. ಈಗ ಆ ಹೊರೆಯನ್ನು ತಾವು ಹೊತ್ತ ಕಾರಣ, ಹೆಬ್ಬೆರಳು ಗುರುತಿಸಲು ಒಲ್ಲದ ಹಾಜರಿ ಯಂತ್ರದ ಮುಂದೆ ನಿಲ್ಲುವುದಕ್ಕೂ, ಒಂದು ಪದ್ಯ ಓದಿದರೆ ಎಷ್ಟು ಮಂದಿಗೆ ಉದ್ಯೋಗ ಸಿಗುತ್ತದೆಂದು ಮೇಲಿನವರಿಗೆ ವರದಿ ಒಪ್ಪಿಸುವುದಕ್ಕೂ ನನಗೆ ಧಾರಾಳವಾಗಿ ಪುರುಸೊತ್ತು ಸಿಕ್ಕಿದೆ. ಪಾಠ ಮಾಡಲು ಮಾತ್ರ ಸಿಕ್ಕಿಲ್ಲ. ನಾನು ಮನೆಯಲ್ಲಿ ಗೊಣಗುವುದನ್ನೂ ತಮಗೆ ತೋರಿಸಬೇಕೆಂದು ನನ್ನ ಹೆಂಡತಿ ಹೇಳುತ್ತಾಳೆ. ಮದುವೆಯಾದಂದಿನಿಂದ ಅದರಲ್ಲಿ ಹೊಸದೇನೂ ಇಲ್ಲವಂತೆ.

ಈಗ ಪ್ರಕರಣಕ್ಕೆ ಬರುತ್ತೇನೆ. ನನ್ನ ಬಳಿ ಸಂಶೋಧನೆ ಮಾಡುವ ಹುಡುಗಿಯೊಬ್ಬಳು ತನ್ನ ಅಜ್ಜಿಯ ಜೋಗುಳಗಳ ಮೇಲೆ ಪ್ರಬಂಧ ಬರೆದಳು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯಲ್ಲಿ ಬಟ್ಟೆ ಒಗೆಯುತ್ತಿದ್ದ ತಾಯಿಗಾಗಿ ಕಾಯುತ್ತ, ಪುಟ್ಟ ತಮ್ಮಂದಿರನ್ನು ಮಲಗಿಸಲು ಆ ಅಜ್ಜಿ ಹುಡುಗಿಯಾಗಿದ್ದಾಗ ತಾನೇ ಕಟ್ಟಿದ ಹಾಡುಗಳವು. ಎಲ್ಲಿಯೂ ಅಚ್ಚಾದವಲ್ಲ, ಅಜ್ಜಿಯ ನೆನಪಿನಿಂದಲೂ ಒಂದೊಂದಾಗಿ ಜಾರಿಹೋಗುತ್ತಿರುವಂಥವು. ಅದರಲ್ಲೊಂದು ಹೀಗಿದೆ:

ಸುಮ್ಮನಿರು ಕಂದ, ಅಮ್ಮ ಬಂದಾಳು,
ಮಡಿಲ ತುಂಬ ನಿದ್ದೆ ತಂದಾಳು.

ಈ ‘ಬಂದಾಳು’ ಎಂಬ ಒಂದು ಪದದ ಮೇಲೆಯೇ ಹುಡುಗಿ ಒಂದು ಅಧ್ಯಾಯ ಬರೆದಿದ್ದಳು. ‘ಬರುತ್ತಾಳೆ’ ಎಂದಿದ್ದರೆ ಅದು ಭರವಸೆ, ‘ಬರಬಹುದು’ ಎಂದಿದ್ದರೆ ಬರೀ ಅನುಮಾನ; ‘ಬಂದಾಳು’ ಎಂದಾಗ ತಮ್ಮಂದಿರಿಗೆ ಹೇಳಿದ ಧೈರ್ಯವೂ ಅಕ್ಕನ ಒಳಗಿದ್ದ ಹೆದರಿಕೆಯೂ ಒಂದೇ ಉಸಿರಿನಲ್ಲಿ ಬಂದಿವೆ ಎಂದು ಆಕೆ ತೋರಿಸಿದ್ದಳು. ಅದನ್ನು ಓದಿದ ದಿನ ನನಗೆ ನಿಜವಾಗಿ ಸಂತೋಷವಾಯಿತು. ಈ ವೃತ್ತಿಯಲ್ಲಿ ಅಂಥ ದಿನಗಳು ಅಪರೂಪ.

ನಿಯಮದ ಪ್ರಕಾರ ಪ್ರಬಂಧದ ಕರಡು ಪ್ರತಿಯನ್ನು ಪರೀಕ್ಷಾರ್ಥವಾಗಿ ಮೊದಲು ತಮಗೆ ಉಣಿಸಬೇಕು. ಉಣಿಸಿದರು. ಹಸಿದಿದ್ದ ತಾವು ಅದನ್ನು ರುಚಿ ನೋಡಿ ಬಿಡದೆ ನುಂಗಿ, ಹೊಟ್ಟೆಯೊಳಗೆ ಜೋಪಾನವಾಗಿಟ್ಟುಕೊಂಡಿರಿ. ತಿಂಗಳ ನಂತರ ಅಂತಿಮ ಪ್ರತಿ ಬಂದಾಗ ಅದು ನೂರಕ್ಕೆ ತೊಂಬತ್ತೇಳರಷ್ಟು ಕದ್ದ ಮಾಲು ಎಂದು ಸಾರಿದಿರಿ. ಯಾರದನ್ನು ಕದ್ದಳೆಂದು ನೋಡಿದರೆ ಮಾಲಿನ ಒಡತಿಯ ಜಾಗದಲ್ಲೂ ಇದ್ದದ್ದು ಆಕೆಯ ಹೆಸರೇ. ಇದು ಆಕೆಯದೇ ಬರಹವಲ್ಲವೇ ಎಂದು ನಾನು ಕೇಳಿದ್ದಕ್ಕೆ ತಮ್ಮ ಪಕ್ಕದಲ್ಲಿ ಕೂರುವ ಗುಮಾಸ್ತರು ತುಂಬ ಸಮಾಧಾನದಿಂದ ಹೇಳಿದರು: “ಅವರದ್ದೇ ಸಾರ್, ಆದ್ರೆ ಅವರು ಮೊದಲೇ ಬರೆದುಬಿಟ್ಟಿದಾರಲ್ಲ.”

ನಕಲಿನ ಪ್ರಮಾಣವನ್ನು ನೂರಕ್ಕೆ ಹತ್ತರೊಳಗೆ ಇಳಿಸದಿದ್ದರೆ ಪ್ರಬಂಧ ತಿರಸ್ಕೃತ, ಗಡುವು ಮೀರಿದರೆ ನೋಂದಣಿ ರದ್ದು, ಹುಡುಗಿಯ ಇಷ್ಟು ವರ್ಷದ ದುಡಿಮೆ ನೀರುಪಾಲು. ಪ್ರಾಂಶುಪಾಲರ ಬಳಿ ಹೋದರೆ, ಯಂತ್ರಕ್ಕೆ ನಿಮ್ಮ ಮೇಲೆ ಹಗೆಯೇನಾದರೂ ಇದೆಯೇ ಎಂದು ನನ್ನನ್ನೇ ಕೇಳಿದರು. ಆದ್ದರಿಂದ ಆಕೆ ಕೂತು ಪ್ರತಿಯೊಂದು ವಾಕ್ಯವನ್ನೂ ತಿದ್ದಿದಳು. ಅದೂ ಸಾಲದೆಂದು ತಾವು ಹಾಡುಗಳ ಕಡೆಗೇ ಬೆರಳು ತೋರಿಸಿದಾಗ, ಅಳುತ್ತ ಹಾಡುಗಳನ್ನೂ ತಿದ್ದಿದಳು. ತಮ್ಮ ಅನುಮೋದನೆ ಪಡೆದ ಜೋಗುಳ ಈಗ ಹೀಗಿದೆ: “ಎಲೈ ಶಿಶುವೇ, ಮೌನ ವಹಿಸತಕ್ಕದ್ದು, ಮಾತೃಶ್ರೀಯವರು ಆಗಮಿಸುವ ಸಂಭವವಿದ್ದು, ಸಾಕಷ್ಟು ಪ್ರಮಾಣದ ನಿದ್ರೆಯೊಂದಿಗೆ ಹಾಜರಾಗಲಿದ್ದಾರೆ.” ‘ಬಂದಾಳು’ ಪದದ ಮೇಲಿನ ಅಧ್ಯಾಯದಲ್ಲಿ ‘ಬಂದಾಳು’ ಎಂಬ ಪದವೇ ಈಗ ಇಲ್ಲ.

ತಮ್ಮ ಕಾವ್ಯಪ್ರಜ್ಞೆಗೆ ನಾನು ಮಾರುಹೋಗಿದ್ದೇನೆ. ಪ್ರಬಂಧಕ್ಕೆ ನಕಲು ನೂರಕ್ಕೆ ಎಂಟೇ ಎಂಬ ಪ್ರಮಾಣಪತ್ರ ಸಿಕ್ಕಿತು, ಹೊರಗಿನಿಂದ ಬಂದ ಪರೀಕ್ಷಕರು ಭಾಷೆ ಪ್ರೌಢವಾಗಿದೆ ಎಂದು ತಲೆದೂಗಿದರು. ಪಕ್ಕದ ಕೊಠಡಿಯ ಮಹಾಶಯನೊಬ್ಬ ತನ್ನ ಇಡೀ ಪ್ರಬಂಧವನ್ನು ತಮ್ಮಂಥದ್ದೇ ಇನ್ನೊಂದು ಯಂತ್ರದಿಂದ ಬರೆಯಿಸಿ ತಂದಾಗ ತಾವು ಅದಕ್ಕೆ ಸೊನ್ನೆ ಕೊಟ್ಟು, ಸಂಪೂರ್ಣ ಸ್ವಂತದ್ದೆಂದು ಹರಸಿದಿರಂತೆ. ನೆಂಟರ ಮಕ್ಕಳೆಂದರೆ ಯಾರಿಗಾದರೂ ಸ್ವಲ್ಪ ಮಮತೆ ಇದ್ದೇ ಇರುತ್ತದೆ, ನಾನೇನೂ ಅನ್ನುವುದಿಲ್ಲ.

ನನ್ನ ಕೋರಿಕೆ ಸಣ್ಣದು. ತಾವು ಬಿಡುವು ಮಾಡಿಕೊಂಡು, ಹಸಿದು ಅಳುವ ಒಂದು ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ತಮ್ಮ ಪರಿಷ್ಕೃತ ಜೋಗುಳವನ್ನು ಒಮ್ಮೆ ಹಾಡಿ ತೋರಿಸಬೇಕು. ತೊಡೆಯಿಲ್ಲವೆಂಬ ನೆಪವನ್ನು ನಾನು ಒಪ್ಪುವುದಿಲ್ಲ. ಕಿವಿಯಿಲ್ಲದೆಯೇ ಹಾಡು ತಿದ್ದಿದವರು ತಾವು. ಅದಾಗದಿದ್ದರೆ, ತಾವು ನುಂಗಿದ ಮೊದಲಿನ ಪ್ರತಿಯನ್ನು ಕಕ್ಕಿಬಿಡಿ. ಗ್ರಂಥಾಲಯದಲ್ಲಿ ಉಳಿಯಬೇಕಾದ್ದು ಅದು.

ಪದವಿ ಬಂದ ಮೇಲೆ ಹುಡುಗಿ ರಟ್ಟು ಹಾಕಿಸಿದ ಪ್ರಬಂಧವನ್ನು ಅಜ್ಜಿಯ ಮುಂದೆ ಹಿಡಿದು, ಇದರಲ್ಲಿ ನಿನ್ನ ಹಾಡಿದೆ ಅಜ್ಜಿ ಎಂದು ಓದಿದಳಂತೆ. ಅಜ್ಜಿ ಕೈ ಕಟ್ಟಿಕೊಂಡು ಕೊನೆಯವರೆಗೂ ಕೇಳಿ, ಮೊಮ್ಮಗಳ ಕಡೆ ಗಾಬರಿಯಿಂದ ನೋಡಿ ಕೇಳಿದ್ದಿಷ್ಟೇ: “ಯಾವ ಆಫೀಸಿನ ನೋಟಿಸು ಮಗಳೇ ಇದು? ನಮ್ಮನ್ನ ಮನೆ ಖಾಲಿ ಮಾಡಿ ಅಂತಿದಾರಾ?”

ಇಂತಿ, ಇನ್ನೂ ತಮ್ಮ ಹೊಟ್ಟೆಗೆ ಬೀಳದಿರುವ,
ತಮ್ಮ ವಿಶ್ವಾಸಿ,
ಸಾಹಿತ್ಯದ ಮೇಷ್ಟ್ರು

ವಿ.ಸೂ.: ಹುಡುಗಿಯ ಅಕ್ಕನಿಗೊಂದು ಕೂಸಿದೆ. ಅದು ಈಗಲೂ ಆ ಕದ್ದ ಹಾಡಿಗೇ ಮಲಗುತ್ತದೆ, ತಿದ್ದಿದ್ದನ್ನು ಓದಿದರೆ ಕಿರುಚುತ್ತದೆ. ಶಿಸ್ತು ಕ್ರಮ ಜರುಗಿಸುವುದಿದ್ದರೆ ಸಂಜೆ ಬನ್ನಿ. ಮಧ್ಯಾಹ್ನ ಅದು ನಿದ್ದೆಯಲ್ಲಿರುತ್ತದೆ, ಎಬ್ಬಿಸಿದರೆ ಮತ್ತೆ ಮಲಗಿಸುವ ಹೊಣೆ ತಮ್ಮದೇ.