ಹದಕ್ಕೆ ಬಂದ ಉಕ್ಕು

ಬಚ್ಚಲಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡು, ಬೆಳಗ್ಗೆ ಹೆಂಡತಿ ಅರ್ಧ ಗಂಟೆ ಒಳಗೇ ಉಳಿದದ್ದು ಡ್ರಾಯಿಂಗ್ ಮೇಷ್ಟ್ರ ಸಂಕಟಕ್ಕೆ ಮೂಲ.

"ಸಂಜೆ ಅಮ್ಮ ಬರ್ತಾರೆ. ಅವರೇನಾದ್ರೂ ಒಳಗೆ ಸಿಕ್ಕಿಹಾಕಿಕೊಂಡ್ರೆ ನಿಮ್ಮ ಕಥೆ ಮುಗೀತು," ಎಂದಳು ಹೊರಬಂದವಳು.

ಮೇಷ್ಟ್ರು ಬಡಗಿಯನ್ನು ಕರೆಯುವ ಜಾಯಮಾನದವರಲ್ಲ. ಮರ ಹೆರೆದು ನುಣುಪು ಮಾಡಲೆಂದು ತಿಂಗಳಿಡೀ ಕೂತು ತಾವೇ ಕೆತ್ತಿದ ಉಜ್ಜುಗೊರಡು ಮೇಜಿನ ಮೇಲೆ ಬಾಯಿ ತೆರೆದುಕೊಂಡಿತ್ತು. ಅಲಗು ಮಾತ್ರ ಇರಲಿಲ್ಲ. ಹಳೇ ಪೆಟ್ಟಿಗೆ ತಡಕಿದಾಗ ಕಬ್ಬಿಣ ಉಜ್ಜುವ ತುಕ್ಕು ಹಿಡಿದ ಅರವೊಂದು ಸಿಕ್ಕಿತು. ಸಾಣೆಯಂಗಡಿಗೆ ಓಡಿ, ಅದರ ಹಲ್ಲೆಲ್ಲ ತೇಯಿಸಿ, ತುಂಡು ಮಾಡಿಸಿ ತಂದು ಗ್ಯಾಸ್ ಒಲೆಯ ಮೇಲಿಟ್ಟರು.

ಅಷ್ಟರಲ್ಲಿ ಪಕ್ಕದ ಮನೆಯ ಫಿಟ್ಟರಣ್ಣ ಬಂದ.

"ಮೇಷ್ಟ್ರೇ, ಒಂದು ವಿಷ್ಯ ಕೇಳೋಣ ಅಂತ... ಅಯ್ಯಯ್ಯೋ, ಏನ್ ಮಾಡ್ತಿದೀರಿ! ಸರೀರಿ ಆಚೆ. ನನ್ನ ವಿಷ್ಯ ಇರ್ಲಿ."

ಕೆಂಪಗೆ ಕಾದ ಉಕ್ಕನ್ನು ಇಕ್ಕಳದಲ್ಲಿ ಹಿಡಿದು "ಎಣ್ಣೆ!" ಎಂದು ಕೂಗಿದ. ಗಾಬರಿಯಲ್ಲಿ ಮೇಷ್ಟ್ರ ಕೈಗೆ ಸಿಕ್ಕಿದ್ದು ಹೆಂಡತಿ ತಲೆಗೆ ಹಚ್ಚುವ ಎಣ್ಣೆಯ ಡಬ್ಬ. ಚೊಂಯ್ ಎಂದಿತು. ಮಲ್ಲಿಗೆ ವಾಸನೆಯ ಹೊಗೆ ಕಂಡು ಮಹಡಿಯ ಅಜ್ಜಿ ಬಕೆಟ್ ನೀರಿನೊಂದಿಗೆ ಓಡಿಬಂದು ಮೇಷ್ಟ್ರ ಮೇಲೆ ಸುರಿದರು. ಉಕ್ಕಿನ ಜೊತೆ ಮೇಷ್ಟ್ರಿಗೂ ಹದ ಬಂತು.

"ಉಕ್ಕು ಇನ್ನೂ ಬಿರುಸು, ಹೀಗೇ ಬಿಟ್ರೆ ಚಟ್ಟಂತ ಮುರಿಯತ್ತೆ. ಸಣ್ಣ ಉರೀಲಿ ಜೇನಿನ ಬಣ್ಣಕ್ಕೆ ಬರ್ಬೇಕು," ಎಂದ ಫಿಟ್ಟರಣ್ಣ.

ಅಜ್ಜಿ ಕನ್ನಡಕ ಏರಿಸಿ ಒಲೆಯ ಮುಂದೆ ನಿಂತರು. "ಬಂತು, ಇಳಿಸ್ರೋ! ಸೀದುಹೋಗತ್ತೆ!"

ಆಮೇಲೆ ಫಿಟ್ಟರಣ್ಣ ಊಟವನ್ನೂ ಮರೆತು ಸಾಣೆಕಲ್ಲಿನ ಮೇಲೆ ಅಲಗು ಮಸೆದ. "ಎಲ್ಲಿ ಸಿಕ್ತು ಈ ಉಕ್ಕು? ಈಗೆಲ್ಲ ಇಂಥದ್ದು ಬರೋದೇ ಇಲ್ಲ ಮೇಷ್ಟ್ರೇ!"

ಅಲಗು ಕೂರಿಸಿ ಹಲಗೆಯೊಂದರ ಮೇಲೆ ತಳ್ಳಿದಾಗ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಮರದ ಸುರುಳಿ ಎದ್ದಿತು. ಮೇಷ್ಟ್ರಿಗೆ ಕಣ್ಣು ತುಂಬಿ ಬಂತು. ತಮಗಾಗಿ ಇಷ್ಟು ಬೆವರು ಸುರಿಸಿದವರು ಈವರೆಗೆ ಯಾರೂ ಇರಲಿಲ್ಲ.

"ಅಣ್ಣಾ, ನಿಮ್ಮ ಉಪಕಾರ ಸತ್ರೂ ಮರೆಯಲ್ಲ. ನನ್ನಿಂದ ಏನ್ ಬೇಕಾದ್ರೂ ಕೇಳಿ."

"ಉಪಕಾರ ಗಿಪಕಾರ ಏನಿಲ್ಲ. ಹೋದ ವರ್ಷ ನೀವು ಒಯ್ದಿದ್ರಲ್ಲ, ನಮ್ಮಪ್ಪನ ಕಾಲದ ಅರ, ಅದನ್ನ ಕೊಟ್ಬಿಡಿ ಸಾಕು. ಬೆಳಗ್ಗೆ ಬಂದಿದ್ದೇ ಅದಕ್ಕೆ."

ಮೇಷ್ಟ್ರು ಅಲಗನ್ನು ನೋಡಿದರು, ಫಿಟ್ಟರಣ್ಣನನ್ನು ನೋಡಿದರು. "ಒಂದ್ನಿಮಿಷ" ಎಂದವರೇ ಉಜ್ಜುಗೊರಡಿನ ಸಮೇತ ಬಚ್ಚಲಮನೆಗೆ ನುಗ್ಗಿ ಬಾಗಿಲೆಳೆದುಕೊಂಡರು. ಅದು ಗಟ್ಟಿಯಾಗಿ ಕಚ್ಚಿಕೊಂಡಿತು.

ಹೊರಗೆ ಅತ್ತೆಯ ದನಿ ಕೇಳಿಸಿತು. "ಎಲ್ಲಿ ಅಳಿಯಂದಿರು?"

"ಒಳಗೆ ಸಿಕ್ಕಿಹಾಕಿಕೊಂಡಿದಾರಮ್ಮ," ಎಂದ ಫಿಟ್ಟರಣ್ಣ. "ಹೆದರ್ಬೇಡಿ ಮೇಷ್ಟ್ರೇ! ಉಜ್ಜುಗೊರಡು ನಿಮ್ಮ ಕೈಲೇ ಇದೆ. ಒಳಗಿಂದ ಉಜ್ಜಿ. ನೀವು ಬರೋವರೆಗೂ ನಾನು ಇಲ್ಲೇ ಇರ್ತೀನಿ!"

ಮೇಷ್ಟ್ರು ಉಜ್ಜುಗೊರಡನ್ನು ಮೆಲ್ಲನೆ ಕೆಳಗಿಟ್ಟು, ಆ ಬಾಗಿಲಿಗೆ ಮನಸಾರೆ ಕೈಮುಗಿದರು.